ಮಂಡಿಯ ಮುಂಗಡ ಹಾಜರಿ

ಹೊಸ ಮಂಡಿ ಕೂರಿಸುವುದು ಡಾಕ್ಟರ ಕೆಲಸ, ಅದನ್ನು ಇಟ್ಟುಕೊಂಡು ಮಲಗುವುದು ನನ್ನ ಕೆಲಸ ಎಂದು ನಾನು ದೃಢವಾಗಿ ನಂಬಿದ್ದೆ. ಆದರೆ ಆಪರೇಷನ್ ಆದ ಮೇಲೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಫಿಸಿಯೋಥೆರಪಿಸ್ಟ್ ನಾಜಿಯಾ ಬಂದಳು.

"ಅಂಕಲ್, ಆಪರೇಷನ್ ಅರ್ಧ ಕೆಲ್ಸ ಅಷ್ಟೇ. ಮಿಕ್ಕಿದ್ದು ನೀವೇ ಮಾಡ್ಬೇಕು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತರಂತೆ ಮಂಡಿ ಮಡಿಸಿ, ಆಮೇಲೆ ಇಲ್ಲಿ ಟಿಕ್ ಹಾಕಿ" ಎಂದು ಒಂದು ಚಾರ್ಟ್ ಕೊಟ್ಟಳು.

ಚಾರ್ಟ್! ಮೂವತ್ತು ವರ್ಷ ಬಸ್ ಡಿಪೋದಲ್ಲಿ ಹಾಜರಿ ಪುಸ್ತಕ ಬರೆದವನ ಕೈಗೆ!

ಮಡಿಸಿದರೆ ಪ್ರಾಣ ಹೋಗುವಷ್ಟು ನೋವು. ಟಿಕ್ ಹಾಕಿದರೆ ಏನೂ ನೋವಿಲ್ಲ. ಮಂಡಿಯ ಕೆಳಗೆ ಮೆತ್ತನೆಯ ದಿಂಬಿಟ್ಟುಕೊಂಡು, ಯಾರಿಗೂ ಅನುಮಾನ ಬರಬಾರದೆಂದು ಬೆಳಿಗ್ಗೆಗೆ ನೀಲಿ ಪೆನ್ನು, ಸಂಜೆಗೆ ಕಪ್ಪು ಪೆನ್ನು ಬಳಸಿ ಶ್ರದ್ಧೆಯಿಂದ ಟಿಕ್ ಹಾಕಿದೆ.

ಹೆಂಡತಿ ರತ್ನಳ ಮಂಡಿಗಳು ನನ್ನದಕ್ಕಿಂತ ಕೆಟ್ಟಿದ್ದವು. ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು? ಮೊದಲು ನನ್ನದು, ನಾನು ಓಡಾಡುವಂತಾದ ಮೇಲೆ ಅವಳದು ಎಂದು ಮಾತಾಗಿತ್ತು. ಅವಳ ಆಪರೇಷನ್‌ಗೆ ತಾರೀಖೂ ಸಿಕ್ಕಿತ್ತು. ದಿನಾ ಗೋಡೆ ಹಿಡಿದುಕೊಂಡು ಬಂದು ಕೇಳುತ್ತಿದ್ದಳು:

"ಆಯ್ತೇನ್ರೀ ಎಕ್ಸರ್‌ಸೈಸು?"

"ಆಯ್ತು ಕಣೇ. ಟಿಕ್ ನೋಡು!"

ಆರನೆಯ ವಾರ ನಾಜಿಯಾ ಮತ್ತೆ ಬಂದು ಮಂಡಿ ಮಡಿಸಲು ನೋಡಿದಳು. ತುಕ್ಕು ಹಿಡಿದ ಗೇಟಿನಂತೆ ಅದು ಅರ್ಧಕ್ಕೇ ನಿಂತಿತು. ನಾನು ಕಿರುಚಿದೆ. ಅವಳು ಚಾರ್ಟ್ ಕೈಗೆತ್ತಿಕೊಂಡಳು.

"ಅಂಕಲ್, ಇವತ್ತು ಗುರುವಾರ."

"ಹೌದಮ್ಮ."

"ಭಾನುವಾರದ್ದೂ ಮಾಡಿಬಿಟ್ಟಿದೀರಾ?"

ಮುಂಗಡ ಹಾಜರಿ! ಯಾವ ಡಿಪೋದಲ್ಲೂ ಇಂಥ ಕಳ್ಳ ಸಿಕ್ಕಿಬಿದ್ದಿರಲಿಲ್ಲ.

ನಾಜಿಯಾ ನಗಲಿಲ್ಲ; ಬಾಗಿಲಲ್ಲಿ ನಿಂತಿದ್ದ ರತ್ನಳತ್ತ ತಿರುಗಿದಳು. "ಮಂಡಿ ಬಿಗಿದ್ಕೊಂಡ್‌ಬಿಟ್ಟಿದೆ ಆಂಟಿ. ಸರ್ಜನ್‌ಗೆ ತೋರಿಸ್ಬೇಕು. ಮತ್ತೆ ಅನಸ್ತೇಶಿಯಾ ಕೊಟ್ಟು ಬಗ್ಗಿಸ್ಬೇಕಾಗ್ಬಹುದು" ಎಂದಳು.

ರತ್ನ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಆಸ್ಪತ್ರೆಗೆ ಫೋನ್ ಮಾಡಿ, "ನನ್ ಡೇಟ್ ಬೇರೆಯವ್ರಿಗೆ ಕೊಟ್ಬಿಡಿ" ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ನಮಗೆ ಕಾಫಿ ತರಲು ಹೋದಳು.

ಸರ್ಜನ್ ನನ್ನನ್ನು ಮಲಗಿಸಿ ಮಂಡಿ ಬಗ್ಗಿಸಿ ಕಳಿಸಿದ್ದಾರೆ. ಈಗ ದಿನಕ್ಕೆ ನಾಲ್ಕು ಸಲ ಕಿರುಚುತ್ತಾ ಮಡಿಸುತ್ತೇನೆ. ರತ್ನ ಎದುರಿಗೆ ಕುರ್ಚಿಯಲ್ಲಿ ಕೂತು, ತನ್ನ ಮಂಡಿಗಳನ್ನು ನೀವಿಕೊಳ್ಳುತ್ತಾ ಎಣಿಸುತ್ತಾಳೆ. ಪೆನ್ನುಗಳೆರಡೂ ಅವಳ ವಶದಲ್ಲಿವೆ.

"ಹತ್ತಾಯ್ತಲ್ಲೇ?"

"ಏಳು ಕಣ್ರೀ. ಬೇಗ ಸರಿ ಮಾಡ್ಕೊಳ್ಳಿ. ನನ್ ಕಾಲಿಗೂ ಒಂದು ಡೇಟ್ ಬೇಕು."

ಡಿಪೋದ ಮಾಜಿ ಹಾಜರಿ ಗುಮಾಸ್ತ ತಲೆ ತಗ್ಗಿಸಿ, ಎಂಟನೆಯದಕ್ಕೆ ಮಂಡಿ ಮಡಿಸಿದ.