ಭೀಮೆಯ ದಂಡೆಯಲ್ಲಿ ನನ್ನ ಹನ್ನೆರಡು ಅಂಗಡಿ

ನಿಜಾಮರ ರಾಜ್ಯ ಹೋಗಿ ಎರಡು ಮೂರು ವರ್ಷವಾಗಿತ್ತು. ಆ ಬೇಸಿಗೆಯ ಮಧ್ಯಾಹ್ನ ಯಾದಗಿರಿಯ ಹೊಳೆದಂಡೆಯಲ್ಲಿ ಇದ್ದವರು ಮೂವರು: ಜಾಗ ಮಾರುವ ಹಿರಿಯ ಬಸಣ್ಣಗೌಡರು, ಕೊಳ್ಳಲು ಶಹಾಪುರದಿಂದ ಬಂದ ನಾನು, ನನ್ನ ಹೆಂಡತಿ ನೀಲವ್ವ. ನೀಲವ್ವನ ಚಿನ್ನದ ಪಾಟ್ಲಿಗಳೂ ಬಂದಿದ್ದವು. ಆದರೆ ಅವು ಆಕೆಯ ಕೈಯಲ್ಲಿರಲಿಲ್ಲ, ನನ್ನ ಜೇಬಿನಲ್ಲಿದ್ದವು.

ಕನ್ನಡ ನಾಡು ಒಂದಾಗುತ್ತದಂತೆ, ಕಚೇರಿಗಳು ಬರುತ್ತವಂತೆ, ರೈಲು ನಿಲ್ಲುವ ಊರಲ್ಲಿ ಜಾಗವಿದ್ದವನೇ ದೊರೆಯಂತೆ! ಹತ್ತಿ ವ್ಯಾಪಾರದ ನಾನು ಸ್ಥಿರಾಸ್ತಿಯ ಧಣಿಯಾಗಲು ಹೊರಟಿದ್ದೆ.

ಎದುರಿಗೆ ಹಾಸಿಗೆಯಂಥ ಮರಳುನೆಲ. ಕಲ್ಲಿಲ್ಲ, ಮುಳ್ಳಿಲ್ಲ. ಭೀಮೆ ಎಲ್ಲೋ ದೂರದಲ್ಲಿ, ಎಣ್ಣೆ ಕಾಣದ ಜಡೆಯಂತೆ ಸಣ್ಣಗೆ ಹರಿಯುತ್ತಿತ್ತು.

"ಸಾವ್ಕಾರ್ರ, ಮಳಿಗಾಲದಾಗ ಒಮ್ಮೆ ನೋಡಿ ಆಮ್ಯಾಲ ತಗೋರಿ," ಎಂದರು ಗೌಡರು.

ಮುದುಕರ ಉಪಾಯ ನನಗೆ ತಿಳಿಯಿತು. ಅಷ್ಟರೊಳಗೆ ಬೆಲೆ ಏರಿಸಬೇಕಲ್ಲ.

"ಹಿರೇರು ಹೇಳಾಕತ್ತಾರ, ಕೇಳ್ರಿ," ಎಂದಳು ನೀಲವ್ವ.

"ನಿನಗ ವ್ಯವಹಾರ ತಿಳಿಯಂಗಿಲ್ಲ."

"ಪಾಟ್ಲಿ ನನ್ನವು. ಅಷ್ಟು ತಿಳೀತದ."

ಪಾಟ್ಲಿ ಗೌಡರ ಕೈ ಸೇರಿದವು, ಕಾಗದ ನನ್ನ ಕೈ ಸೇರಿತು. ಮರುದಿನ ಸುಣ್ಣದಿಂದ ಹನ್ನೆರಡು ಅಂಗಡಿಗಳ ಗೆರೆ ಎಳೆದು, ನಡುವೆ ಹೆಗಲ ಮೇಲಿನ ವಲ್ಲಿ ಹಾಸಿ ಮಲಗಿದೆ. ಬೆಳ್ಳಕ್ಕಿಗಳು ತೇಲಿ ಹೋಗುತ್ತಿದ್ದವು. ಗಾಳಿಗೆ ಕಣ್ಣು ಮುಚ್ಚಿದರೆ ಅಂಗಡಿಗಳು ತಾವಾಗಿಯೇ ಏಳುತ್ತಿದ್ದವು. ಬಾಡಿಗೆದಾರರು ಸಾಲಾಗಿ ನಿಂತು ಸಲಾಮು ಮಾಡುತ್ತಿದ್ದರು. ನಾನು ಮಹಡಿಯ ತೂಗುಮಂಚದಲ್ಲಿ ಕುಳಿತು, ಕೆಲವರ ಸಲಾಮನ್ನು ಸ್ವೀಕರಿಸುತ್ತಿರಲಿಲ್ಲ.

ನಾವು ಬಾವಿ ನೀರಿನ ಜನ. ಬಾವಿ ತೋಡಿದಲ್ಲೇ ಇರುತ್ತದೆ. ಹೊಳೆಯೂ ಹಾಗೆಯೇ ಎಂದು ನಂಬಿದ್ದೆ.

ಶ್ರಾವಣದಲ್ಲಿ ಬುನಾದಿಯ ಪೂಜೆಗೆಂದು ತೆಂಗಿನಕಾಯಿ ಹಿಡಿದು ಇಬ್ಬರೂ ಬಂದೆವು. ಕಣ್ಣು ಹಾಯುವಷ್ಟು ದೂರ ಕೆಂಪು ನೀರು.

"ಎಲ್ಲದರಿ ನಮ್ಮ ಜಾಗ?"

ನಡುಹೊಳೆಯಲ್ಲಿ ತಿರುಗುತ್ತ ಬರುತ್ತಿದ್ದ ಹರಿಗೋಲಿನ ಕಡೆ ಬೆರಳು ಮಾಡಿದೆ. "ಅದರ ಕೆಳಗ."

ನೀಲವ್ವ ಅಳಲಿಲ್ಲ, ಬೈಯಲಿಲ್ಲ. ಅದೇ ನನಗೆ ಹೆದರಿಕೆ. ಹರಿಗೋಲು ದಂಡೆ ಮುಟ್ಟಿತು. ಅಂಬಿಗರ ಮಲ್ಲಪ್ಪ ನನ್ನ ಕೈಯ ಕಾಯಿ ನೋಡಿದ.

"ಸುಣ್ಣದ ಗೆರಿ ಹಾಕಿದ ಸಾವ್ಕಾರ್ರು ನೀವಽ ಏನ್ರಿ? ಚಿಂತಿ ಬ್ಯಾಡ್ರಿ. ಜಾಗ ಎಲ್ಲಿ ಹೋಗ್ತದ? ನೀರಿನ ಕೆಳಗ ಭದ್ರ ಅದ. ಕಳ್ಳರ ಭಯನೂ ಇಲ್ಲ."

"ಅಣ್ಣ, ನೀರು ಇಳಿದ ಮ್ಯಾಲ ಅಲ್ಲಿ ಏನರ ಬೆಳೀತದೇನು?" ಎಂದಳು ನೀಲವ್ವ.

"ಬೆಳೀತದವ್ವ. ನಮ್ಮಾಕಿಗೆ ಎಲ್ಲಾ ಗೊತ್ತದ, ತೋರಸ್ತಾಳ."

"ಅಂಗಡಿ?" ಎಂದೆ ನಾನು.

ನೀಲವ್ವ ಆಗಲೇ ಮಲ್ಲಪ್ಪನಿಗೆ ಬೀಜದ ಬೆಲೆ ಕೇಳುತ್ತಿದ್ದಳು. ಕಾಯಿಯನ್ನು ಹೊಳೆಗೆ ಬಿಟ್ಟು ಗಂಗವ್ವನಿಗೆ ಒಪ್ಪಿಸಿದೆ. ಅದು ನನ್ನ ಎರಡನೆಯ ಅಂಗಡಿಯ ಮೇಲೆ ಹಾದು ಹೋಯಿತು.

ಮುಂದಿನ ಬೇಸಿಗೆಯಲ್ಲಿ ನೀಲವ್ವ ಮತ್ತು ಮಲ್ಲಪ್ಪನ ಹೆಂಡತಿ ಆ ಮರಳಿನಲ್ಲಿ ಕಲ್ಲಂಗಡಿ ಹಾಕಿದರು. ಶಹಾಪುರದ ಸಂತೆಗೆ ಬಂಡಿ ತುಂಬ ಹಣ್ಣು ಬಂತು.

"ಯಾರ ಹೊಲದ್ದವ್ವ?" ಎಂದು ಒಬ್ಬ ಮುದುಕಿ ಕೇಳಿದಳು.

"ನಂದಽ ಬೇ," ಎಂದಳು ನೀಲವ್ವ.

ಸ್ಥಿರಾಸ್ತಿಯ ಧಣಿ ಆಗ ಬಂಡಿಯಿಂದ ಹಣ್ಣು ಇಳಿಸುತ್ತಿದ್ದ.