ಅಧಿಕಾರಿಯ ಪಾತ್ರದಲ್ಲಿ ನಾನು ಒಪ್ಪದೆ ಕೂತ ಬಗ್ಗೆ

ಮಾನ್ಯ ಪ್ರೊಫೆಸರ್ ಡಾ. ಸೋಮಶೇಖರಪ್ಪನವರೇ,

ಇಲ್ಲ ಸಾರ್, ಡಾಕ್ಟರ್ ಕೃತಿಕಾ ಅವರನ್ನು ನಾನು ಅಳಿಸಿಲ್ಲ. ಅವರು ಅತ್ತದ್ದು ನೀವು ಗಂಟೆ ಬಾರಿಸಿದ ಮೇಲೆ. ಇದನ್ನು ಮೊದಲೇ ಹೇಳಿ, ಆಮೇಲೆ ತಮಗೂ ತಮ್ಮ ಲ್ಯಾಪ್‌ಟಾಪಿಗೂ ಅದರೊಳಗಿನ ಅರವತ್ತು ಸ್ಲೈಡುಗಳಿಗೂ ಜೀಪ್ ಡ್ರೈವರ್ ದಿಲೀಪನ ನಮಸ್ಕಾರಗಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ತಾವು ಹಂಚಿದ ಫಾರಮ್ಮಿನಲ್ಲಿ ದೂರು ಬರೆಯುವ ಜಾಗ ಅರ್ಧ ಬೆರಳಷ್ಟಿದೆ. ಅದಕ್ಕೇ ತಮ್ಮ ಚಾರ್ಟಿನ ಬೆನ್ನ ಮೇಲೆ ಬರೆದು, ಎಲ್ಲರೂ ಓದಲಿ ಅಂತ ಸಭಾಂಗಣದ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಮಕ್ಕಳ ಡಾಕ್ಟರಾಗುವವರು ಔಷಧಿ ಬರೆದರೆ ಸಾಲದು, ಮಕ್ಕಳ ಪರವಾಗಿ ದೊಡ್ಡವರ ಮುಂದೆ ನಿಂತು ಕೇಳುವುದನ್ನೂ ಕಲಿಯಬೇಕು ಅಂತ ಆರು ಜನರನ್ನು ನನ್ನ ಜೀಪಿನಲ್ಲಿ ಕಳಸಕ್ಕೆ ಕರೆತಂದಿರಿ. ಇಷ್ಟು ಒಳ್ಳೆಯ ಯೋಚನೆ ನಮ್ಮ ಕಡೆ ಯಾರಿಗೂ ಬಂದಿರಲಿಲ್ಲ. ಪಾಠಕ್ಕೆ ಸಂಸೆ ಹತ್ತಿರದ ನಮ್ಮ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಮನೆಸಾಲಿನ, ಅಂಗನವಾಡಿಯನ್ನೇ ಆರಿಸಿದ್ದು ಇನ್ನೂ ದೊಡ್ಡ ಉಪಕಾರ.

ಅಲ್ಲಿಯ ತಕ್ಕಡಿ ಕೆಟ್ಟು ಒಂದು ವರ್ಷ. ಅಂದಿನಿಂದ ಮಕ್ಕಳನ್ನು ಚೀಲದಲ್ಲಿ ಕೂರಿಸಿ, ಕಾಫಿ ಹಣ್ಣು ತೂಗುವ ತಕ್ಕಡಿಗೆ ನೇತುಹಾಕುತ್ತಾರೆ. ತೂಗುವವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಸವರಾಜು. ಕೆಟ್ಟವರಲ್ಲ, ಇಪ್ಪತ್ತು ವರ್ಷದ ಕೈಯಭ್ಯಾಸ: ಏನು ತೂಗಿದರೂ ಚೀಲಕ್ಕೆ, ನೀರಿಗೆ ಅಂತ ಒಂದು ಕೆ.ಜಿ. ಕಳೆದೇ ಬರೆಯುತ್ತಾರೆ. ನನ್ನ ಅಕ್ಕ ಕುಸುಮಾಳ ಮಗಳು ಕವನಾಗೂ ಹಾಗೇ ನೀರು ಕಳೆದರು. ಮಗು ತೂಕ ಸಾಲದ ಮಕ್ಕಳ ಕೆಂಪು ಪಟ್ಟಿಗೆ ಬಿತ್ತು, ಅಕ್ಕ ಊಟ ಬಿಟ್ಟಳು. ಈಗ ಆ ಪಟ್ಟಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ನಿಜವಾಗಿ ಸೊರಗುತ್ತಿರುವ ಮಗು ಯಾವುದು ಅಂತ ಹೇಳಲು ಯಾರಿಂದಲೂ ಆಗುತ್ತಿಲ್ಲ.

ಊಟದ ಮೇಲೆ ಅಭಿನಯದ ಪಾಠ. ಅಧಿಕಾರಿಯ ಪಾತ್ರಕ್ಕೆ ಜನ ಸಿಗದೆ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದು, "ಬಾರಪ್ಪ, ಆ ಕುರ್ಚೀಲಿ ಕೂತ್ಕೊ. ಅವ್ರು ತಕ್ಕಡಿ ಕೇಳ್ತಾರೆ, ಕೊನೆಗೆ ನೀನು ಆಯ್ತು ಅನ್ಬೇಕು, ಅಷ್ಟೆ" ಅಂದಿರಿ. ನಾನು ಅಕ್ಕನ ಜೊತೆ ತಕ್ಕಡಿಯ ಅರ್ಜಿ ಹಿಡಿದು ಕಚೇರಿಗೆ ಅಲೆದವನು, ಕುರ್ಚಿಯಲ್ಲಿ ಕೂತವರನ್ನು ಹತ್ತಿರದಿಂದ ನೋಡಿದ್ದೇನೆ. ಆರು ಜನರ ಪೈಕಿ ಡಾಕ್ಟರ್ ಕೃತಿಕಾ ಎದ್ದು ಬಂದು ಗ್ರಾಫು ತೋರಿಸಿದರು, ನಾನು ಫೋನ್ ನೋಡಿದೆ. ಶೇಕಡಾ ಲೆಕ್ಕ ಹೇಳಿದರು, "ಯಾವ ಊರಮ್ಮ?" ಅಂದೆ. ಮತ್ತೆ ಮೊದಲಿಂದ ಹೇಳಿದರು, "ಸ್ಟಾಕಿಲ್ಲ, ಮುಂದಿನ ವಾರ ನೋಡಾಣ" ಅಂದೆ.

ಆಗ ಅವರು ಕಾಗದವೆಲ್ಲ ಮಡಚಿಟ್ಟು ಕೇಳಿದರು, "ಸಾರ್, ನಿಮ್ ಮಗೂನ ಕಾಫಿ ಚೀಲದಲ್ಲಿ ತೂಗಿಸ್ತೀರಾ? ತಕ್ಕಡಿ ಯಾವತ್ತು ಬರತ್ತೆ ಅಂತ ತಾರೀಕು ಬರ್ಕೊಡಿ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ."

ನಾನು ಫೋನ್ ಜೇಬಿಗಿಟ್ಟೆ ಸಾರ್. ಸರಿಯಾಗಿ ಆ ಹೊತ್ತಿಗೆ ತಾವು ಗಂಟೆ ಬಾರಿಸಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, "ಧ್ವನಿಯಲ್ಲಿ ಸೌಜನ್ಯ ಕಡಿಮೆ" ಅಂದಿರಿ. ನನಗೆ, "ಪಾಠ ಕೆಡಿಸಿದೆಯಲ್ಲ ಮಾರಾಯ" ಅಂದಿರಿ. ಯಾವ ಕಚೇರಿಯಲ್ಲೂ ಕಾಣದ ಒಪ್ಪುವ ಅಧಿಕಾರಿಯನ್ನು ಹಾಳೆಯ ಮೇಲೆ ಸೃಷ್ಟಿಸಿದ ತಮ್ಮ ಕಲ್ಪನಾಶಕ್ತಿಗೆ ಎಷ್ಟು ಕೈಮುಗಿದರೂ ಕಡಿಮೆ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಬೆಂಚಿನ ಮೇಲೆ ಮೂರು ಗಂಟೆ ಕಾಯುವುದನ್ನು ಪರೀಕ್ಷೆಯಲ್ಲಿ ಸೇರಿಸಿ. 'ನಾಳೆ ಬನ್ನಿ' ವಿಭಾಗ ಅಂತ ಒಂದನ್ನು ತೆರೆದು ಅದಕ್ಕೆ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿ. ಡಾಕ್ಟರ್ ಕೃತಿಕಾ ಅವರಿಗೆ ಕಡಿಮೆಯಾದ ಆರು ಅಂಕವನ್ನು ಚೀಲಕ್ಕೆ, ನೀರಿಗೆ ಕಳೆದದ್ದು ಅಂತಲಾದರೂ ಬರೆದುಕೊಡಿ. ನಾವು ಅರ್ಥ ಮಾಡಿಕೊಳ್ಳುತ್ತೇವೆ.

ಇನ್ನು ಬರೆಯಲು ಪುರುಸೊತ್ತಿಲ್ಲ. ಪಾಠಕ್ಕೆ ತೋರಿಸಲು ಲೈನಿನಿಂದ ತಂದ ಕೆಟ್ಟ ತಕ್ಕಡಿ ಜೀಪಿನ ಹಿಂದೆ ಇದೆ, ಅದರ ಜೊತೆ ಬಂದ ಕುಸುಮಕ್ಕ ಮಗುವನ್ನು ಎತ್ತಿಕೊಂಡು ಮುಂದೆ ಕೂತಿದ್ದಾಳೆ, ಡಾಕ್ಟರ್ ಕೃತಿಕಾ ಕಣ್ಣೊರೆಸಿಕೊಂಡು ಆಗಲೇ ಹತ್ತಿದ್ದಾರೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಮೂಡಿಗೆರೆಯ ಕಚೇರಿ ಮುಚ್ಚುವ ಮೊದಲು ನಿಜವಾದ ಕುರ್ಚಿಯ ಮುಂದೆ ನಿಲ್ಲಬೇಕು. ಈ ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋಗುತ್ತೇನೆ, ಗಾಬರಿಯಾಗಬೇಡಿ.

ಪಾತ್ರ ಮುಗಿಸಿದ ತಮ್ಮ ವಿಶ್ವಾಸಿ,
ದಿಲೀಪ್

ತಾ.ಕ.: ಉಳಿದ ಐದು ಜನ ಡಾಕ್ಟರುಗಳೂ ನಮ್ಮ ಜೊತೆಗೇ ಹೊರಟಿದ್ದಾರೆ, ಹಾಗಾಗಿ ಜೀಪಿನಲ್ಲಿ ತಮಗೆ ಜಾಗವಿಲ್ಲ. ನಾಲ್ಕೂವರೆಗೆ ಒಂದು ಬಸ್ಸಿದೆ, ತುಂಬಿಕೊಂಡೇ ಬರುತ್ತದೆ. ಕಂಡಕ್ಟರ್ ಹತ್ತಿರ ಸೀಟು ಕೇಳಿ ನೋಡಿ. ಸೌಜನ್ಯದಿಂದಲೇ ಕೇಳಿ.