ತಪ್ಪು ಮಾಡದ ಜಾಕಿನ ಸಜಾ

ಬೀದರ ಶಹರದಾಗ ಎರಡು ಜೇಲು ಅವ. ಒಂದು ಸರಕಾರದ್ದು, ಇನ್ನೊಂದು ನಮ್ಮ ಕಾಕಾಂದು. ಸರಕಾರದ ಜೇಲಿನಾಗ ಯಾರ್ಯಾರು ಇದ್ದಾರೋ ನನಗ ಗೊತ್ತಿಲ್ಲ. ಕಾಕಾನ ಜೇಲಿನಾಗ ಮಾತ್ರ ಒಂದು ಜಾಕು, ಅದೇ ಗಾಡಿ ಎತ್ತೋ ಜಾಕು, ಏನೂ ತಪ್ಪು ಮಾಡದೇ ಎರಡು ವರ್ಷ ಒಳಗ ಬಿದ್ದಿತ್ತು. ಅದರದು ತಪ್ಪಿಲ್ಲ ಅಂತ ಈ ಭೂಮಿ ಮ್ಯಾಲ ಗೊತ್ತಿದ್ದಾಕಿ ನಾ ಒಬ್ಬಾಕಿನೇ ಅಂತ ತಿಳಕೊಂಡಿದ್ದೆ. ಆದ್ರೂ ಬಾಯಿ ಬಿಟ್ಟಿರಲಿಲ್ಲ. ದಿನಾ ಹಲಬರ್ಗಾ ಸಾಲಿಯಾಗ ನಿಂತು ಮಕ್ಕಳಿಗಿ 'ಖರೇ ಹೇಳ್ರಿ, ಯಾರಿಗೂ ಅಂಜಬ್ಯಾಡ್ರಿ' ಅಂತ ಪಾಠ ಹೇಳೋ ಟೀಚರ್ ನಾ! ನಗಬ್ಯಾಡ್ರಿ. ಇಲ್ಲಿಂದನೇ ನಗಲಿಕ್ಕ ಶುರು ಮಾಡಿದ್ರ ಮುಂದಿಂದು ಹೇಳ್ಲಿಕ್ಕ ನನಗ ನಾಚಿಕಿ ಬರ್ತದ.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಗುಂಪಾ ರೋಡಿನ ಬಾಜೂ ಅವರದೊಂದು ಗ್ಯಾರೇಜು. ಮ್ಯಾಲ ತಗಡು, ಕೆಳಗ ಎಣ್ಣಿ ಕುಡದು ಕರ್ರಗಾದ ನೆಲ, ನಡುವ ಕಾಕಾ. ಜೀಪು, ಟೆಂಪೋ, ಟ್ರ್ಯಾಕ್ಟರು ಯಾವುದನ್ನೂ ಅವರು ಬಿಟ್ಟಿಲ್ಲ, ಅವೂ ಕಾಕಾನ ಬಿಟ್ಟಿಲ್ಲ. ಎಡಗೈ ಹೆಬ್ಬೆರಳಿಗಿ ಉಗುರಿಲ್ಲ, ಒಂದು ಸುತ್ತಿಗಿ ಒಯ್ದದ. ಮೊಣಕೈ ಮ್ಯಾಲ ಸೈಲೆನ್ಸರ್ ಸುಟ್ಟ ಬರಿ. ಹಣಿ ಮ್ಯಾಲ ಬಾನೆಟ್ ಬಡದ ಗುರುತು. ಮುಂಜಾನಿ ವಿಭೂತಿ ಹಚ್ಚುವಾಗ ಆ ಗುರುತಿನ ಮ್ಯಾಲೇ ಬರೋಹಂಗ ಮೂರು ಪಟ್ಟಿ ಎಳೀತಾರ, ಅದಕ್ಕ ಹೊರಗಿನವರಿಗಿ ಅದು ಕಾಣಂಗಿಲ್ಲ.

ಇಷ್ಟು ಪೆಟ್ಟು ಎಲ್ಲಾ ಮೆಕ್ಯಾನಿಕ್ಕರಿಗೂ ಆಗ್ತಾವ. ಅವರು 'ಯವ್ವಾ' ಅಂತಾರ, ಅರಿಶಿಣ ಒತ್ತತಾರ, ಮತ್ತ ಕೆಲಸಕ್ಕ ಹತ್ತತಾರ. ನಮ್ಮ ಕಾಕಾ ಹಂಗಲ್ಲ. ರಕ್ತ ಸೋರತಿದ್ರೂ ಮೊದಲು ಬಡದ ಹತಾರ ಎತ್ತಿ ಕಣ್ಣಿನ ಮುಂದ ಹಿಡೀತಾರ. "ಯಾಕಪ್ಪಾ, ಯಾಕ ಬಡದಿ?" ಅಂತ ಕೇಳ್ತಾರ. ಅದೇನು ಹೇಳ್ತದ? ಅದರ ಹಿಡಿಕಿ, ತಲಿ, ಹಲ್ಲು ಎಲ್ಲಾ ತಪಾಸ ಮಾಡಿ, ಅದರದೇ ಕಸೂರು ಅಂತ ಖಾತ್ರಿ ಆದ್ರ ಸಜಾ ಹಾಕ್ತಾರ. ಕಸೂರು ಅಂದ್ರ ತಪ್ಪು, ನಮ್ಮ ಕಡಿ ಹಿಂಗೇ ಅಂತೀವಿ.

ಜೇಲು ಅಂದ್ರ ಕಾಕಿ ಮದುವಿಯಾಗ ತೌರಿಂದ ತಂದ ತಗಡಿನ ಟ್ರಂಕು. ಹಸರು ಬಣ್ಣ, ಮ್ಯಾಲ ಎರಡು ಗಿಳಿ. ಮುಚ್ಚಳದ ಒಳಮೈಗಿ ಕಾಕಾ ಖಡುವಿನಿಂದ ಬರೀತಾರ: 'ಸುತ್ತಿಗಿ, ಹೆಬ್ಬೆರಳು, ಹದಿನೈದು ದಿನ.' 'ಇಕ್ಕಳ, ಅಂಗೈ ಚರ್ಮ, ಒಂದು ವಾರ.' ಆ ಖಡು ನಮ್ಮ ಸಾಲಿ ಬೋರ್ಡಿಂದು. ತುಂಡಾಗಿದ್ದು ನಾನೇ ತಂದು ಕೊಡ್ತಿದ್ದೆ.

"ಇದರಾಗ ನನ್ನ ರೇಷ್ಮಿ ಸೀರಿ ಇರ್ತಿದ್ವು ನೋಡವ್ವಾ, ಈಗ ಕಳ್ಳರು ತುಂಬ್ಯಾರ" ಅಂತ ಕಾಕಿ ನನ್ನ ಮುಂದ ಅಂದ್ರ, ಗಾಡಿ ಅಡಿಯಿಂದ ಕಾಕಾನ ದನಿ ಬರ್ತಿತ್ತು: "ಕಳ್ಳರಲ್ಲ, ಹೊಡದಾಡಿದವರು."

ಒಮ್ಮೆ ಭಾಲ್ಕಿಯಿಂದ ಒಬ್ಬರು ಟೆಂಪೋ ತಂದಿದ್ರು. ಕಾಕಾ ಅಡಿಯಾಗ ಹೊಕ್ಕು ನೋಡಿ ಹೊರಗ ಬಂದು, "ಇದಕ್ಕ ಹದಿನಾಲ್ಕರ ಪಾನಾ ಬೇಕ್ರಿ. ಅದು ಒಳಗದ" ಅಂದ್ರು.

"ಒಳಗಿದ್ರ ತಗೀರಲ್ಲ."

"ಇನ್ನ ನಾಕು ದಿನ ಸಜಾ ಉಳದದ್ರಿ ಅದರದು."

ಆ ಮನುಷ್ಯಾ ನನ್ನ ಮಾರಿ ನೋಡಿದ. ನಾ ತಗಡು ನೋಡಿದೆ. ಕಡೀಗಿ ಕಾಕಾ ಬಾಜೂ ಗ್ಯಾರೇಜಿಗಿ ಹೋಗಿ ಅದೇ ನಂಬರಿನ ಪಾನಾ ಬೇಡಿ ತಂದು ನಟ್ಟು ಬಿಚ್ಚಿದ್ರು. ತಮ್ಮ ಪಾನಾ ಟ್ರಂಕಿನಾಗ ಆರಾಮ ಮಲಗಿತ್ತು.

ದವಾಖಾನಿ ಸುದ್ದಿ ಇನ್ನೂ ಮಜಾ. ಹೆಬ್ಬೆರಳು ಜಜ್ಜಿಕೊಂಡು ಹೋದಾಗ ಡಾಕ್ಟರ್ "ಹ್ಯಾಂಗ ಬಡಕೊಂಡ್ರಿ?" ಅಂತ ಕೇಳಿದ್ರು. "ನಾ ಬಡಕೊಂಡಿಲ್ರಿ, ಅವ ಬಡದ" ಅಂದ್ರು ಕಾಕಾ. ಡಾಕ್ಟರ್ ಬರಿಯೋದು ಬಿಟ್ಟು, ಇದೇನೋ ಪೊಲೀಸ್ ಕೇಸು ಅಂತ ತಿಳಕೊಂಡು, "ಯಾರವಾ?" ಅಂದ್ರು. "ನೀವು ಚಿಂತಿ ಮಾಡಬ್ಯಾಡ್ರಿ, ಅವ ಈಗ ಜೇಲಿನಾಗ ಇದ್ದಾನ" ಅಂದ್ರು ಕಾಕಾ. ಡಾಕ್ಟರಿಗಿ ಸಮಾಧಾನ ಆಯ್ತು, ಇಂಜೆಕ್ಷನ್ ಚುಚ್ಚಿ ಕಳಿಸಿದ್ರು.

ಆದ್ರ ಒಂದು ಮಾತು. ಕಾಕಾ ಅನ್ಯಾಯ ಮಾಡೋರಲ್ಲ. ಒಮ್ಮೆ ಬ್ಯಾಟರಿ ಆಸಿಡ್ ಸಿಡದು ಕುತ್ತಿಗಿ ಸುಟ್ಟಿತು. ತಪಾಸ ಮಾಡಿದ್ರ, ಕಣ್ಣಿಗಿ ಚಷ್ಮಾ ಹಾಕದೇ ಅದರ ಮ್ಯಾಲ ಬಗ್ಗಿದ್ದು ತಾವೇ. "ಬ್ಯಾಟರೀದು ಏನೂ ಇಲ್ಲ, ಕಸೂರು ನಂದು" ಅಂದು ತಮಗ ತಾವೇ ಹನ್ನೊಂದು ದಿನ ತಂಬಾಕು ಬಂದ್ ಮಾಡಿದ್ರು. ಹನ್ನೊಂದನೇ ದಿನ ಕಾಕಿ ಓಣಿಗೆಲ್ಲಾ ಸಕ್ರಿ ಹಂಚಿ, "ಇನ್ನೊಂದು ಕಸೂರು ಮಾಡ್ರಲ್ಲ" ಅಂತ ಕೇಳಿಕೊಂಡ್ರು.

ಇನ್ನೆರಡು ಕಾನೂನು ಇದ್ವು. ಮೊದಲ್ನೇದು, ಗವಾ ಇಲ್ಲದೇ ಸಜಾ ಇಲ್ಲ. ಗವಾ ಅಂದ್ರ ಸಾಕ್ಷಿ. ಕಾಕಿ, ಗಿರಾಕಿ, ಚಹಾದವ, ಯಾರರೆ ಒಬ್ಬರು ಬಂದು 'ಹಿಂಗಾಯ್ತು, ನಾ ನೋಡೀನಿ' ಅನಬೇಕು. ಎರಡನೇದು, ದಸರಾದಾಗ ಖಂಡೇ ಪೂಜಿ ದಿನ ಎಲ್ಲಾರಿಗೂ ಮಾಫಿ. ಅವತ್ತು ಹತಾರ ಎಲ್ಲಾ ತೊಳದು, ಕುಂಕುಮ ಹಚ್ಚಿ, ಸಾಲಾಗಿ ಇಟ್ಟು ಪೂಜಿ ಮಾಡ್ತೀವಲ್ಲ, ಆ ಸಾಲಿನಾಗ ಖೈದಿಗಳೂ ಬಂದು ಕೂಡ್ತಿದ್ವು. "ಹಬ್ಬದ ದಿನ ಯಾರೂ ಒಳಗಿರಬಾರದು" ಅಂತಿದ್ರು ಕಾಕಾ.

ಈಗ ನಗೋದು ಸಾಕು. ನನ್ನ ಸುದ್ದೀಗಿ ಬರ್ತೇನಿ.

ಎರಡು ವರ್ಷದ ಹಿಂದ ಠಾಣಾ ಕುಶನೂರದಾಗ ನನ್ನ ನಾದಿನಿ ಮಗಳ ತೊಟ್ಟಿಲ ಕಾರ್ಯ ಇತ್ತು. ನಮ್ಮ ಮನಿಯವರು ಹಿಂದಿನ ದಿನಾನೇ ಬಸ್ಸಿಗಿ ಹೋಗಿದ್ರು. ನಾ ನಮ್ಮ ಹಳೇ ಕಾರು ನಡಸ್ಕೊಂಡು ಹೊಂಟೆ. ಆ ಕಾರಿನ ಮ್ಯಾಲ ವಿಶ್ವಾಸ ಇರಲಿಲ್ಲ, ಅದಕ್ಕ ಕಾಕಾನ ಕರಕೊಂಡೆ. ಔರಾದ ದಾಟಿ ಒಂದು ಏರು ಹತ್ತುವಾಗ ಮುಂದಿನ ಗಾಲಿ ಪಂಕ್ಚರ್ ಆಯ್ತು. ಎಡಕ್ಕೂ ಬಲಕ್ಕೂ ತೊಗರಿ ಹೊಲ. ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ ಇತ್ತು.

ಕಾಕಾ ಜಾಕು ತಗೊಂಡು ಮುಂದ ಕುಂತ್ರು. "ಮಗಳ, ಹಿಂದಿನ ಗಾಲಿ ಹಿಂದ ಒಂದು ಕಲ್ಲು ಇಡು" ಅಂದ್ರು. ಕಲ್ಲು ಅಲ್ಲೇ ರಸ್ತಾದ ಬದೀಗಿ ಕಾಣತಿತ್ತು, ನಾಕು ಹೆಜ್ಜಿ. ಅಷ್ಟರಾಗ ಫೋನು ಬಂತು. ನಾದಿನಿ. "ವೈನಿ, ಬೆಳ್ಳಿ ಕಡಗ ತಂದೀರಿಲ್ಲೋ? ಕೂಸಿನ ಅಂಗಿ? ಎಲ್ಲಿ ತನ ಬಂದೀರಿ?" ನಾ ಮಾತಾಡ್ಕೋತ ನಿಂತೆ. ಮಾತು ಮುಗದ ಮ್ಯಾಲ ಇಟ್ರಾಯ್ತು ಅಂದ್ಕೊಂಡೆ.

"ಕಲ್ಲು ಇಟ್ಟಿ?" ಅಂತ ಕೇಳಿದ್ರು ಕಾಕಾ.

"ಇಟ್ಟೇನ್ರಿ ಕಾಕಾ."

ಫೋನಿನ ಮ್ಯಾಲ ಕೈ ಇಟ್ಟು ಹೇಳಿದ್ದು ಅದು. ಹೇಳ್ಲಿಕ್ಕ ಏನೂ ಹೊತ್ತು ಹತ್ತಲಿಲ್ಲ.

ಕಾಕಾ ಹಳೇ ಗಾಲಿ ಬಿಚ್ಚಿ ಹೊಸದು ಒಳಗ ಸರಸಲತ್ತಿದ್ರು. ಕಾರು ಒಂದು ಗೇಣು ಹಿಂದ ಸರೀತು. ಜಾಕು ಅಡ್ಡ ಬಿತ್ತು, ಗಾಡಿ ಕಾಕಾನ ಬಲಗೈ ಮ್ಯಾಲ ಕುಂತಿತು. ಕಾಕಾ ಚೀರಲಿಲ್ಲ, ಚೀರಿದಾಕಿ ನಾ. ಹೊಲದಾಗಿನ ನಾಕು ಮಂದಿ ಓಡಿ ಬಂದು ಗಾಡಿ ಎತ್ತಿದ್ರು. ಎಲ್ಲಾರೂ ಮುಂದ ಕಾಕಾನ ಸುತ್ತ ಇದ್ದಾಗ ನಾ ಏನು ಮಾಡಿದೆ ಗೊತ್ತದ ಏನ್ರಿ? ಹಿಂದ ಹೋಗಿ ಆ ಕಲ್ಲು ಕಾಲಿಲೆ ದಬ್ಬಿ ಗಾಲಿಗಿ ಹಚ್ಚಿದೆ. ಯಾರೂ ನೋಡಲಿಲ್ಲ.

ಹೊಳ್ಳಿ ಬಂದಾಗ ಕಾಕಾ ರಸ್ತಾದ ಬದೀಗಿ ಕುಂತಿದ್ರು, ಕೈಗಿ ಯಾರದೋ ಟಾವೆಲ್ ಸುತ್ತಿತ್ತು. ಮಾರಿ ಬೆಳ್ಳಗಾಗಿತ್ತು. ಗಾಡಿ ಕಡಿ ಒಮ್ಮೆ ನೋಡಿದ್ರು, ನನ್ನ ಕಡಿ ಒಮ್ಮೆ ನೋಡಿದ್ರು. ಆಮ್ಯಾಲ, "ಆ ಜಾಕು ತಗೋ. ಅದನ್ನ ಒಳಗ ಹಾಕಬೇಕು" ಅಂದ್ರು. ಆ ಹೊತ್ತಿನಾಗ ನನಗ ಸಮಾಧಾನ ಆಯ್ತು. ಕಾಕಾನ ರಕ್ತ ಹರೀಲತ್ತಿತ್ತು, ನನಗ ಸಮಾಧಾನ. ಇದನ್ನ ನೆನಸಿದ್ರ ಇವತ್ತೂ ನನಗ ನನ್ನ ಮಾರಿ ಕನ್ನಡಿಯಾಗ ನೋಡ್ಲಿಕ್ಕ ಆಗಂಗಿಲ್ಲ.

ತೋರಬೆರಳು, ನಡುಬೆರಳು, ಎರಡೂ ಅರ್ಧಕ್ಕ ಹೋದ್ವು. ಬ್ಯಾರೆಯವರಿಗಿ ಅವು ಬರೇ ಬೆರಳು. ಕಾಕಾಗ ಅವೇ ಕಣ್ಣು. ಇಂಜಿನ್ನಿನ ಹಿಂದ ದೀಪದ ಬೆಳಕೂ ಹೋಗದ ಜಾಗದಾಗ ಅವರು ಬೆರಳ ತುದೀಲೇ ನಟ್ಟು ಕೂಡಿಸ್ತಿದ್ರು. ಈಗ ನಟ್ಟು ಜಾರಿ ಬೀಳ್ತದ. ಟಣ್ ಅಂತ ಸಪ್ಪಳ ಆದಾಗೆಲ್ಲಾ ಕಾಕಾ ನಗತಾರ, ಎಡಗೈಲೇ ನೆಲ ತಡಕಾಡಿ ಹುಡುಕ್ತಾರ. ಆ ನಗೀಗಿಂತ ನನಗ ನಾಕು ಬೈದಿದ್ರ ಚಲೋ ಇತ್ತು.

ಇನ್ನೊಂದು ಆಯ್ತು. ನನ್ನ ಗಾಡಿ ಗಾಲಿ ಬಿಚ್ಚೋದಿದ್ರ ಕಾಕಾ 'ಕಲ್ಲು ಇಟ್ಟಿ?' ಅಂತ ಕೇಳೋದು ಬಿಟ್ರು. ಮೊಣಕಾಲು ಹಿಡಕೊಂಡು ಎದ್ದು, ಗಾಡಿ ಸುತ್ತು ಹಾಕಿ, ತಾವೇ ಬಗ್ಗಿ ನೋಡಿ ಬರ್ತಿದ್ರು. "ಅಡ್ಡಾಡಿದ್ರ ಕಾಲು ಸಡಲ ಆಗ್ತಾವ" ಅಂತಿದ್ರು. ಬ್ಯಾರೆ ಗಿರಾಕಿಗಳಿಗಿ ಕುಂತಲ್ಲಿಂದನೇ "ಕಲ್ಲು ಇಟ್ರೇನ್ರಿ?" ಅಂತ ಒದರತಿದ್ರು, ಅವರು ಹೂಂ ಅಂದ್ರ ಸಾಕು. ನನಗ ಮಾತ್ರ ಕೇಳ್ತಿರಲಿಲ್ಲ. ನಾ ತಿಳೀಲಾರದಾಕಿಯಂಗ ನಿಂತಿರ್ತಿದ್ದೆ.

ಆ ವರ್ಷದ ಖಂಡೇ ಪೂಜಿಗಿ ಎಲ್ಲಾ ಹತಾರ ಹೊರಗ ಬಂದ್ವು, ಜಾಕು ಬರಲಿಲ್ಲ. ಕಾಕಾ ಟ್ರಂಕಿನ ಮ್ಯಾಲೇ ಕುಂಕುಮ ಹಚ್ಚಿದ್ರು. ಯಾಕ ಅಂತ ಕಾಕಿಗಿ ಕೇಳಿದೆ. "ಯಾರಿಗ್ಗೊತ್ತವ್ವಾ, ಅದರ ಕೇಸು ದೊಡ್ಡದಂತ" ಅಂದ್ರು. ಜನ್ಮಠೇಪಾ, ಅಂದ್ರ ಸಾಯೋ ತನ ಜೇಲು, ಇರಬೇಕು ಅಂದ್ಕೊಂಡೆ. ಕಾಕಿ ಕೊಟ್ಟ ಹೋಳಿಗಿ ಆವತ್ತು ತಿನ್ನದೇ ಕಟ್ಕೊಂಡು ಮನೀಗಿ ಒಯ್ದೆ. ಮುಂದಿನ ವರ್ಷದ ಪೂಜಿಗೂ ಜಾಕು ಹೊರಗ ಬರಲಿಲ್ಲ.

ಈ ವರ್ಷ ಪೂಜಿಗಿ ಹೋದಾಗ ಕಾಕಾ ಎಡಗೈಲೇ ಪಾನಾ ತೊಳೀಲತ್ತಿದ್ರು. ಟ್ರಂಕಿನ ಮುಚ್ಚಳ ತೆರೆದಿತ್ತು. ಖಡುವಿನ ಸಾಲು ಎಲ್ಲಾ ಒರಸಿ ಆಗಿತ್ತು, ಒಂದೇ ಉಳದಿತ್ತು. ಮಿಕ್ಕ ಹತಾರದ ಸಜಾ ಎಷ್ಟು ದಿನ ಅಂತ ಬರಿಯೋ ಜಾಗದಾಗ ಬ್ಯಾರೆ ಮಾತಿತ್ತು: 'ಜಾಕು, ಎರಡು ಬೆರಳು, ಗವಾ ಬಂದಿಲ್ಲ.'

ಅಂದ್ರ ಅದಕ್ಕ ಸಜಾನೇ ಹಾಕಿರಲಿಲ್ಲ, ಅದಕ್ಕೇ ಮಾಫಿನೂ ಇರಲಿಲ್ಲ. ಎರಡು ವರ್ಷ ಅದು ಸಾಕ್ಷಿ ಹಾದಿ ಕಾಯ್ಕೋತ ಕುಂತಿತ್ತು. ಗಾಡಿ ಸರಿಯುವಾಗ ಆ ರಸ್ತಾದಾಗ ಕಾಕಾನ ಬಿಟ್ರ ಇದ್ದಾಕಿ ನಾ ಒಬ್ಬಾಕಿ. ನನ್ನ ಸಾಲಿ ಖಡುವಿನಿಂದನೇ ನನ್ನ ಕರಕಳಿಸಿದ್ರು.

"ಕಾಕಾ," ಅಂದೆ, "ನಾ ಗವಾ ಹೇಳ್ತೇನಿ."

ಕಾಕಾ ಪಾನಾ ಕೆಳಗಿಟ್ರು. "ಹೇಳು" ಅಂದ್ರು.

"ಕಲ್ಲು ಇಟ್ಟಿರಲಿಲ್ರಿ. ಇಟ್ಟೇನಿ ಅಂತ ಸುಳ್ಳು ಹೇಳಿದೆ. ನಿಮ್ಮ ಕೈ ಹೋದ ಮ್ಯಾಲ ಕಾಲಿಲೆ ದಬ್ಬಿದೆ." ಬಾಗಲದಾಗ ಆರತಿ ತಾಟು ಹಿಡಕೊಂಡ ಕಾಕಿ ಹಂಗೇ ನಿಂತ್ರು.

ಕಾಕಾ ಒದ್ದಿ ಕೈ ಒರಸಿಕೊಂಡ್ರು. "ಗಾಲಿ ಹಿಂದ ಇಡು ಅಂದಿದ್ದೆ ಮಗಳ. ನೀ ಗಡಿಬಿಡಿಯಾಗ ಗಾಲಿ ಮುಂದ ದಬ್ಬಿದ್ದಿ. ಏರಿನಾಗ ಗಾಡಿ ಹಿಂದ ಉರುಳ್ತದೋ ಮುಂದೋ? ಅಲ್ಲಿ ಕುಂತಾಗೇ ನೋಡಿದ್ದೆ."

"ಮತ್ತ ಯಾಕ ಕೇಳಲಿಲ್ರಿ ನನಗ?"

"ಕೇಳಿದ್ರ ಇಟ್ಟೇನಿ ಅಂತಿದ್ದಿ."

ಖರೇ. ಅಂತಿದ್ದೆ. ನನಗೇನು ಸಜಾ ಅಂತ ಅಳ್ಕೋತ ಕೇಳಿದೆ. "ಜಾಕು ತಗೀ ಹೊರಗ, ತುಕ್ಕು ಹಿಡದದ" ಅಂದ್ರು. ಉಗುರು ಕರ್ರಗಾಗೋ ತನ ತಿಕ್ಕಿದೆ, ಎಣ್ಣಿ ಹಚ್ಚಿದೆ. ಕುಂಕುಮ ನೀನೇ ಹಚ್ಚು ಅಂದ್ರು. ಬಲಗೈ ಬೆರಳಿಲ್ಲದಕ್ಕ ಅವರ ಬೊಟ್ಟು ಈಗ ಸರಿ ಕೂಡಂಗಿಲ್ಲ. ಹಚ್ಚಿದೆ. ಕಾಕಾ ಅಂಗೈಲೇ ಆ ಕಡೀ ಸಾಲು ಒರಸಿದ್ರು. ಅವರ ಬೆರಳು ಬಂದವೇನು? ಇಲ್ಲ. ಎಷ್ಟು ತಿಕ್ಕಿದ್ರೂ ಅದು ನನ್ನಿಂದ ಹೋಗಂಗಿಲ್ಲ.

ಮರುದಿನ ಬನ್ನಿ ಕೊಟ್ಟು ಕಾಲಿಗಿ ಬೀಳ್ಲಿಕ್ಕ ಹೋದೆ. ಕಾಕಾ ಬನ್ನಿ ತಗೊಂಡು ಕಿಸೇದಾಗ ಇಟ್ಟು, "ನಿನ್ನ ಗಾಡಿ ಮುಂದಿನ ಗಾಲಿ ಸಪ್ಪಳ ಮಾಡ್ತದ, ನೋಡೋಣ ತಾ" ಅಂದ್ರು. ಅದೇ ಜಾಕು ತಗೊಂಡು ಮುಂದಿನ ಗಾಲಿ ಹತ್ತರ ಕುಂತ್ರು, ಬೆನ್ನು ನನ್ನ ಕಡಿ.

ನಾ ಹೋಗಿ ಕಲ್ಲು ತಂದೆ. ಹಿಂದಿನ ಗಾಲಿ ಹಿಂದ ಇಟ್ಟೆ. ಬಗ್ಗಿ ನೋಡಿದೆ, ಕೈಲೇ ಅಲಗಾಡಿಸಿ ನೋಡಿದೆ.

"ಮಗಳ, ಕಲ್ಲು ಇಟ್ಟಿ?"

ಎರಡು ವರ್ಷ ಆಗಿತ್ತು ಆ ಮಾತು ಕೇಳಿ.

"ಇಟ್ಟೇನ್ರಿ ಕಾಕಾ."

ಕಾಕಾ ಏಳಲಿಲ್ಲ. ಹೊಳ್ಳಿ ನೋಡಲಿಲ್ಲ. ಜಾಕು ಏರಿಸ್ಲಿಕ್ಕ ಶುರು ಮಾಡಿದ್ರು.